ಕಣ್ಣೂರಿನ ಗೋಡೆ, ಕುದಿರವಟ್ಟದ ದಾರಿ

ಕಾಸರಗೋಡಿನಿಂದ ದಕ್ಷಿಣಕ್ಕೆ ಹೊರಟ ರೈಲು ಚಂದ್ರಗಿರಿ ಹೊಳೆಯನ್ನು ದಾಟಿ, ಹೊಸದುರ್ಗ, ಪಯ್ಯನ್ನೂರುಗಳನ್ನು ಹಿಂದಿಕ್ಕಿ, ವಳಪಟ್ಟಣದ ಸೇತುವೆಯನ್ನೇರುತ್ತದೆ. ಆ ನದಿಗೂ ಕಣ್ಣೂರು ಪೇಟೆಗೂ ನಡುವೆ, ಪಳ್ಳಿಕುನ್ನಿನ ಹೆದ್ದಾರಿಯ ಬದಿಯಲ್ಲಿ, 1869ರಲ್ಲಿ ಆರಂಭವಾದ ಸೆಂಟ್ರಲ್ ಜೈಲಿದೆ. ಕಯ್ಯೂರಿನ ನಾಲ್ವರು ರೈತರು 1943ರ ಮಾರ್ಚ್ 29ರಂದು ಗಲ್ಲಿಗೇರಿದ್ದು ಇಲ್ಲಿಯೇ. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದವರಿಗೆ ಈ ಗೋಡೆ ಅಪರಿಚಿತವಲ್ಲ.

ಯಾವ ಜೈಲಿನ ಗೋಡೆಯೂ ಸುಲಭವಾಗಿ ಹೊರಗೆಡಹದ ಸಂಕಟವೊಂದಿದೆ. ವಿಚಾರಣೆ ಮುಂದೆ ಸರಿದಂತೆ, ಮನೆಯವರ ಭೇಟಿ ಅಪರೂಪವಾದಂತೆ, ಮನಸ್ಸು ಕುಗ್ಗುತ್ತದೆ. ಕುಡಿತ ಥಟ್ಟನೆ ತಪ್ಪಿದವನು ಮೊದಲ ದಿನಗಳಲ್ಲಿಯೇ ನಡುಗಬಹುದು, ಇಲ್ಲದ್ದನ್ನು ಕಾಣಬಹುದು. ಮೂಲೆ ಹಿಡಿದು ಕುಳಿತವನನ್ನು ಸಾಧುವೆಂದೂ ಕೂಗಾಡುವವನನ್ನು ಪುಂಡನೆಂದೂ ಎಣಿಸುವುದು ಸುಲಭ. ಇಬ್ಬರೂ ರೋಗಿಗಳಾಗಿರಬಹುದು.

ರೋಗ ಬಲಿತರೆ ದಾರಿ ಮತ್ತೆ ಸುಮಾರು 90 ಕಿಲೋಮೀಟರ್ ದಕ್ಷಿಣಕ್ಕೆ, ಮಯ್ಯಳಿ ಹೊಳೆಯಾಚೆ, ಕಲ್ಲಿಕೋಟೆಯ ಕುದಿರವಟ್ಟಕ್ಕೆ. ಅಲ್ಲಿನ ಸರಕಾರಿ ಮಾನಸಿಕ ಆರೋಗ್ಯ ಕೇಂದ್ರ 1872ರಷ್ಟು ಹಳೆಯದು. ಮಲಬಾರಿನ ಆಡುಮಾತಿನಲ್ಲಿ ಆ ಊರಿನ ಹೆಸರೇ ಒಂದು ಗೇಲಿ. ಅದನ್ನು ಕೇಳುತ್ತ ಬೆಳೆದ ಕೈದಿಗೆ ಆ ಪ್ರಯಾಣ ಎರಡನೆಯ ಶಿಕ್ಷೆಯೆನಿಸಿದರೆ ಅಚ್ಚರಿಯಿಲ್ಲ. ಮೇಲಾಗಿ, ಕಾವಲಿಗೆ ಪೊಲೀಸರಿಲ್ಲದೆ ಕೈದಿ ಆಸ್ಪತ್ರೆಗೆ ಹೊರಡುವಂತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮಿನಂತೆ, ಪ್ರತಿ ರಾಜ್ಯದಲ್ಲಿ ಒಂದಾದರೂ ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮನೋಚಿಕಿತ್ಸೆಯ ಕೇಂದ್ರವಿರಬೇಕು. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲನಾ ಮಂಡಳಿಗೆ ವರದಿ ಕಳುಹಿಸಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನೂ ಅದೇ ಕಾಯಿದೆ ನೀಡಿದೆ.

ಗಡಿನಾಡಿಗೆ ಈ ಕೊನೆಯ ಮಾತು ಮುಖ್ಯವಾದುದು. ಮಂಜೇಶ್ವರ, ಕುಂಬಳೆಗಳ ಕಡೆಯವನು ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲಯಾಳವನ್ನು ಬಲ್ಲನು. ಆದರೆ ಎದೆಯ ದಿಗಿಲನ್ನು, ಕಿವಿಯಲ್ಲಿ ಮೊಳಗುವ ಇಲ್ಲದ ದನಿಯನ್ನು, ಬದುಕೇ ಬೇಡವೆನಿಸಿದ ಇರುಳನ್ನು ಹೇಳಲು ಕನ್ನಡವೋ ತುಳುವೋ, ಮನೆಮಾತೇ ಬೇಕು. ಮನೋವೈದ್ಯನಿಗೆ ರೋಗಿಯ ಮಾತೇ ನಾಡಿ. ಅದು ತಡವರಿಸಿದರೆ ಚಿಕಿತ್ಸೆಯೂ ತಡವರಿಸುತ್ತದೆ.

ಕುದಿರವಟ್ಟದಲ್ಲಿ ಚೇತರಿಸಿಕೊಂಡ ಕೈದಿ ಮರಳುವುದು ಮನೆಗಲ್ಲ, ಜೈಲಿಗೆ. ಗುಳಿಗೆಯೂ ವಿಚಾರಿಸುವವರೂ ಅಲ್ಲಿಯೂ ಇರಬೇಕು. ಭೇಟಿ ಮುಗಿಸಿ ಉತ್ತರದ ರೈಲು ಹತ್ತುವ ತಾಯಿಗೆ ಮೊಕದ್ದಮೆಯ ಸಂಖ್ಯೆಗಿಂತ ದೊಡ್ಡ ಪ್ರಶ್ನೆಯೊಂದಿದೆ: ಮಗನಿಗೆ ರಾತ್ರಿ ನಿದ್ದೆ ಬರುತ್ತಿದೆಯೇ? ಅದಕ್ಕೆ ಉತ್ತರ ಅವಳ ಭಾಷೆಯಲ್ಲಿಯೇ ದೊರೆಯಬೇಕು.