ತಮ್ಮ ಕೇಳಿದ ಬೋರಮಾಳ

ಹೋದ ಐತವಾರ ತವರಿಗೆ ಹೋಗಿದ್ದೆ. ತಮ್ಮ ಮೀನಿನ ಸಾರು ಹಚ್ಚಿಕೊಂಡು ಉಣ್ಣುತ್ತಾ ಮೆಲ್ಲಕ ಕೇಳಿದ: "ಅಕ್ಕ, ಅವ್ವನ ಬೋರಮಾಳ ನಿನ್ನ ಹತ್ರ ಐತಲ್ಲ, ಬ್ಯಾಂಕಿನಾಗ ಇಟ್ಟು ರೊಕ್ಕ ಕೊಡಸ್ತೀ ಏನು? ಹೊಲದಾಗ ಹೊಂಡ ತೋಡಿಸಿ ಮೀನು ಸಾಕ್ತೀನಿ." ನನಗ ತುತ್ತು ಗಂಟಲದಾಗ ನಿಂತಿತು.

ಹಂಪಸಾಗರ ಅಂದ್ರ ತುಂಗಭದ್ರಾ ಹಿನ್ನೀರಿನ ದಂಡಿ. ಅಪ್ಪ ಹರಿಗೋಲು ಹಾಕಿ ದುಡಿದವ. ಆ ಬಲಿ ಮ್ಯಾಲೇ ನಮ್ಮ ಮೂವರ ಮದುವಿ ಆತು. ಆದ್ರ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಹರೀತು ನೋಡ್ರಿ, ತುಂಬಿದ ನೀರು ಹರದು ಹೋತು. ವಾರದಾಗ ಗೇಟು ಮುಚ್ಚಿದ್ರು, ನೀರೂ ತಿರುಗಿ ಬಂತು. ತಮ್ಮನ ಮನಸು ಮಾತ್ರ ಅವತ್ತೇ ಹರಿಗೋಲಿನಿಂದ ಇಳದಿತ್ತು ಅನ್ನಸ್ತೈತಿ.

ಅವ ಹೇಳೂದೂ ಸುಳ್ಳಲ್ಲ. ಆಂಧ್ರದ ಕೊಲ್ಲೇರು ಕಡೆಯ ಹೊಂಡದ ಮೀನು ಐಸ್ ಹಾಕಿಸಿಕೊಂಡು ಲಾರಿಗಟ್ಲೆ ಪ್ಯಾಟಿಗೆ ಬರ್ತಾವು. ಮಗಳು ಫೋನಿನಾಗ ಓದಿ ಹೇಳಿದಳು: ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಲೆಕ್ಕದಾಗ 2022ರಲ್ಲಿ ಜಗತ್ತಿನ್ಯಾಗ ಸಾಕಿದ ಮೀನು, ಸೀಗಡಿ ಎಲ್ಲಾ ಸೇರಿ 9.4 ಕೋಟಿ ಟನ್, ಸಮುದ್ರ-ಹೊಳಿಯಾಗ ಹಿಡಿದದ್ದು 9.1 ಕೋಟಿ ಟನ್. ಸಾಕಿದ್ದು ಮುಂದಾದದ್ದು ಅದೇ ಮೊದಲಂತ.

ಹಿನ್ನೀರಿನ ಮೀನಂದ್ರ ಗಂಗವ್ವ ಕೊಟ್ಟದ್ದು ಅಂತ ನಾನು ಬೀಗುತ್ತಿದ್ದೆ. ತಮ್ಮ ನಕ್ಕ. ಕಟ್ಲಾ, ರೋಹು ನಮ್ಮ ಹೊಳಿಯವೇ ಅಲ್ಲವಂತ, ಉತ್ತರದ ಗಂಗಾ ನದಿ ಕಡೆಯವು. ಡ್ಯಾಮಿನ ಹತ್ರ ತುಂಗಭದ್ರಾ ಮಂಡಳಿಯವರು ಮರಿ ಮಾಡಿ ನೀರಿಗೆ ಬಿಡ್ತಾರ. ಇಷ್ಟು ವರ್ಷ ತಿಂದರೂ ನನಗ ಗೊತ್ತಿರಲಿಲ್ಲ!

ನನ್ನ ಅಂಜಿಕಿ ಬ್ಯಾರೆ. ತವುಡು, ಶೇಂಗಾ ಹಿಂಡಿ ಹಾಕಿ ಸಾಕಬಹುದು, ದನದ ಸಗಣಿ ಮನ್ಯಾಗೇ ಐತಿ. ಆದ್ರ ಮೋಡ ಮುಚ್ಚಿದ ದಿನ ನಸುಕಿನ್ಯಾಗ ಹೊಂಡದ ನೀರಿನಾಗ ಗಾಳಿ ಸಾಲದೆ ಮೀನು ಮ್ಯಾಲೆ ಬಂದು ಬಾಯಿ ಬಾಯಿ ಬಿಡ್ತಾವು. ಆಗಿಂದಾಗ ಮೋಟರ್ ಹಚ್ಚಿ ಹೊಸ ನೀರು ಬಿಡಲಿಲ್ಲ ಅಂದ್ರ ಬೆಳಕು ಹರಿಯೂದರಾಗ ಎಲ್ಲಾ ತೇಲ್ತಾವು. ನಮ್ಮೂರಾಗ ಒಬ್ಬರದು ಹಂಗೇ ಆತು, ವರ್ಷದ ದುಡಿಮಿ ಒಂದು ರಾತ್ರಿಗೆ ಹೋತು. ಆ ಹೊತ್ತಿನ್ಯಾಗ ಹೊಲದಾಗ ಕರೆಂಟ್ ಎಲ್ಲಿಂದ ತರಬೇಕು?

ಬೋರಮಾಳ ಎಲ್ಲಿಟ್ಟೀನಿ ಅಂತ ಇಲ್ಲಿ ಬರೆಯಂಗಿಲ್ಲ, ನೀವೆಲ್ಲಾ ನಮ್ಮವರೇ ಆದರೂ! ತಮ್ಮಗ ಅಂದೀನಿ: "ಕೊಡ್ತೀನಪ್ಪಾ. ಆದ್ರ ಮೊದಲ ವರ್ಷ ಸಣ್ಣ ಹೊಂಡ, ಜೋಡಿಗೆ ಡೀಸೆಲ್ ಪಂಪು. ಅಪ್ಪನ ಹರಿಗೋಲು ಮಾರಬ್ಯಾಡ." ಪಂಪಿಗೆ ಹೂಂ ಅಂದ. ಹರಿಗೋಲಿನ ಮಾತಿಗೆ ಕೈ ತೊಳಿಯಾಕ ಎದ್ದು ಹೋದ.

ಸೋಮವಾರ ಬ್ಯಾಂಕಿಗೆ ಹೋಗಬೇಕು. ನಿಮ್ಮ ಕಡೆ ಯಾರಾದ್ರೂ ಹೊಂಡ ಮಾಡಿದ್ರ ಹೇಳ್ರಕ್ಕಾ, ರಾತ್ರಿ ಕಾಯೂದು ಯಾರು?