ಐವತ್ತರಲ್ಲಿ ಐದು ಗಂಟೆ

ಪದವಿ ತರಗತಿಗಳ ಪಠ್ಯದಲ್ಲಿ ನನಗೆ ಬಲು ಪ್ರಿಯವಾದದ್ದು ಪರಿಸರ ಅಧ್ಯಯನದ ಕೊನೆಯ ಘಟಕ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಈ ವಿಷಯ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವಾಯಿತು. ಮುಂದೆ ಯುಜಿಸಿ ರೂಪಿಸಿದ ಪಾಠಪಟ್ಟಿ 50 ಗಂಟೆಯದು. ಅದರಲ್ಲಿ ಈ ಕೊನೆಯ ಘಟಕದ 5 ಗಂಟೆ ತರಗತಿಯ ಹೊರಗಿನದು. ಹತ್ತಿರದ ನದಿ, ಕಾಡು, ಬೆಟ್ಟ ನೋಡಬೇಕು, ಕೆಟ್ಟುಹೋದ ಒಂದು ಜಾಗವನ್ನೂ ನೋಡಬೇಕು, ಗಿಡ, ಹುಳು, ಹಕ್ಕಿಗಳನ್ನು ಗುರುತಿಸಬೇಕು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳಿಗೆ ಇದೆಲ್ಲ ಬಸ್ಸಿನ ದೂರದಲ್ಲೇ ಇದೆ.

ಶುರು ಮಾಡಲು ಹುಣಸೂರಿನ ಲಕ್ಷ್ಮಣತೀರ್ಥವೇ ಸಾಕು. ಕೊಡಗಿನ ಇರ್ಪುವಿನಲ್ಲಿ ತಿಳಿಯಾಗಿ ಧುಮುಕುವ ಹೊಳೆ ಇಲ್ಲಿ ಪಟ್ಟಣದ ಚರಂಡಿಯನ್ನು ಹೊತ್ತು ಸಾಗುತ್ತದೆ. ಊರಿನ ಮೇಲ್ಗಡೆ ಒಂದು ಬಾಟಲಿ, ಕೆಳಗಡೆ ಒಂದು ಬಾಟಲಿ ನೀರು ಹಿಡಿದು ಪಕ್ಕಪಕ್ಕ ಇಟ್ಟರೆ ಮೇಷ್ಟ್ರು ಬಾಯಿ ತೆರೆಯಬೇಕಿಲ್ಲ.

ಮಳೆಗಾಲದಲ್ಲಾದರೆ ಕೆ.ಆರ್. ನಗರದ ಚುಂಚನಕಟ್ಟೆ. ಕಾವೇರಿ ಅಲ್ಲಿ ಎರಡು ಕವಲಾಗಿ ಸುಮಾರು 20 ಮೀಟರ್ ಕೆಳಗೆ ಬೀಳುತ್ತಾಳೆ. ದಡದಲ್ಲಿರುವ ಕೋದಂಡರಾಮನ ಗರ್ಭಗುಡಿಯೊಳಗೆ ಆ ಭೋರ್ಗರೆತ ಕೇಳಿಸುವುದಿಲ್ಲವೆಂದು ಜನ ಹೇಳುತ್ತಾರೆ. ಹೊರಗೆ ಕಣ್ಣು ಮುಚ್ಚಿ ನಿಂತು ಕೇಳಿ, ಆಮೇಲೆ ಒಂದೊಂದೇ ಹೆಜ್ಜೆ ಒಳಗೆ ಹೋಗಿ, ಸದ್ದು ಎಲ್ಲಿ ಕುಗ್ಗುತ್ತದೆ ನೋಡಿ ಎಂದು ನಾನು ಹೇಳುತ್ತೇನೆ. ಕಲ್ಲುಗೋಡೆಯ ದಪ್ಪ, ಬಾಗಿಲಿನ ದಿಕ್ಕು ಎಲ್ಲ ಆಗ ಚರ್ಚೆಗೆ ಬರುತ್ತವೆ. ಭಕ್ತಿಯೂ ಭೌತಶಾಸ್ತ್ರವೂ ಒಂದೇ ಹೊಸ್ತಿಲಲ್ಲಿ ಭೇಟಿಯಾಗುವುದನ್ನು ನೋಡುವುದು ನನಗೆ ದೊಡ್ಡ ಖುಷಿ.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತಿದರೆ ಪಿರಿಯಾಪಟ್ಟಣ ಸೀಮೆಯ ಹೊಗೆಸೊಪ್ಪಿನ ಹೊಲಗಳು ಕಣ್ಣಿಗೆ ಬೀಳುತ್ತವೆ. ಹದಮಾಡುವ ಮನೆಯಾದ ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸಲು ಅಷ್ಟು ಸೌದೆ ಎಲ್ಲಿಂದ? ಎಷ್ಟೋ ಮಕ್ಕಳ ಕಾಲೇಜು ಫೀಸು ಬಂದಿರುವುದೇ ಆ ಸೊಪ್ಪಿನಿಂದ. ಪ್ರಶ್ನೆಯನ್ನು ಮೆತ್ತಗೆ ಕೇಳಬೇಕು, ಕೇಳಲಂತೂ ಬೇಕು.

ಎಚ್.ಡಿ. ಕೋಟೆ ಸೀಮೆಯಲ್ಲಿ ನನ್ನ ಮೇಷ್ಟ್ರತನ ಹಿಂದೆ ಸರಿಯುತ್ತದೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ಆನೆ ಹಿಡಿಯುತ್ತಿದ್ದ ಜಾಗ ಮುಳುಗಿತು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ ಎಳೆ ಹುಲ್ಲು ಏಳುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಬರುತ್ತವೆ. ಜೇನುಕುರುಬರ ಹಾಡಿಯಿಂದ ಬಂದ ಹುಡುಗನೊಬ್ಬ ರಸ್ತೆ ಬದಿಯಲ್ಲಿ ನಿಂತು, 'ಸಾರ್, ಇದು ಮತ್ತಿ, ಅದು ಹೊನ್ನೆ, ಆಚೆಯದು ನಂದಿ' ಎಂದು ತೊಗಟೆ ನೋಡಿಯೇ ಹೇಳುತ್ತಾ ಹೋದ. ತರಗತಿಯಲ್ಲಿ ಹಿಂದಿನ ಬೆಂಚು ಬಿಟ್ಟು ಏಳದ ಹುಡುಗ. ಉಳಿದವರು ಅವನನ್ನು ಸುತ್ತಿಕೊಂಡು ಹೆಸರು ಬರೆದುಕೊಂಡರು. ಅವನ ಹಿರಿಯರಂಥ ಅನೇಕ ಜೇನುಕುರುಬರು ಕಾಡು ಬಿಟ್ಟು ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಬೇಕಾಯಿತು. ಅವರ ಈ ತಿಳಿವಳಿಕೆಗೆ ಅಂಕ ಕೊಡುವ ಪ್ರಶ್ನೆಪತ್ರಿಕೆಯನ್ನು ನಾನಿನ್ನೂ ಕಂಡಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಆ 5 ಗಂಟೆಯನ್ನು ನೋಟ್ಸು ಬರೆಸಿ ಮುಗಿಸಬೇಡಿ. ಅರಣ್ಯ ಇಲಾಖೆಯ ಅನುಮತಿಗೆ ಮೊದಲೇ ಪತ್ರ ಬರೆಯಿರಿ, ಚುಂಚನಕಟ್ಟೆಯಲ್ಲಿ ಯಾರನ್ನೂ ನೀರಿಗೆ ಇಳಿಸಬೇಡಿ, ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಹಾಡಿಯ ಮಕ್ಕಳಿದ್ದರೆ ಅವರನ್ನು ಮುಂದೆ ನಡೆಯಲು ಬಿಡಿ.