ಹಿಮದ ಎಣ್ಣೆ, ಮರಳಿನ ಎಂಜಿನ್

ಚಳಿಗಾಲ ಬಂತೆಂದರೆ ರಿಯಾದ್ ಜನ ವಾರಾಂತ್ಯಕ್ಕೆ ತುಮಾಮಾ ಕಡೆಯ ಮರಳುಗಾಡಿಗೆ ಟೆಂಟ್ ಹೊತ್ತುಕೊಂಡು ಹೊರಡ್ತಾರೆ. ಈ ಸಲ ನಾವು ಆರು ಜನ ಚಂದಾ ಎತ್ತಿ ಒಂದು ಹೊಸ ಜನರೇಟರ್ ತಗೊಂಡ್ವಿ. ಚಾಲೂ ಮಾಡೋಕೆ ಮೊದಲೇ ಶುರುವಾಯ್ತು ನೋಡಿ, ಯಾವ ಎಣ್ಣೆ ಹಾಕೋದು ಅನ್ನೋ ಪಂಚಾಯ್ತಿ!

ಇಂಥ ಪುಟ್ಟ ಎಂಜಿನ್‌ಗಳು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲೇ ಡಬ್ಬದಿಂದ ಹೊರಬರುತ್ತವೆ. ಎಣ್ಣೆ ಹಾಕದೆ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಆರೂ ಜನರ ದುಡ್ಡು ಗೋವಿಂದ.

"ಬಿಸಿ ದೇಶ ಮಾರಾಯಾ, ಕಾರಿಗೆ ಹಾಕೋ ದಪ್ಪ 20ಡಬ್ಲ್ಯೂ-50 ಸುರಿ" ಅಂದ ಒಬ್ಬ. ಮಿನ್ನೆಸೋಟದಲ್ಲಿರುವ ಗೆಳೆಯ ಫೋನಿನಲ್ಲಿ, "ನನ್ನ ಹೊಸ ಸ್ನೋಬ್ಲೋವರ್‌ಗೆ 5ಡಬ್ಲ್ಯೂ-30 ಹಾಕಿದೀನಿ, ಅದೂ ಇಂಥದ್ದೇ ಎಂಜಿನ್" ಅಂದ.

ಡಬ್ಲ್ಯೂ ಅಂದ್ರೆ ವಿಂಟರ್. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದೆಷ್ಟು ಮಂದ ಅನ್ನೋದನ್ನ ಹೇಳುತ್ತದೆ. ಕಾರಿಗೆ ನೀರು, ರೇಡಿಯೇಟರ್, ಥರ್ಮೋಸ್ಟಾಟ್ ಇವೆ. ಹೊರಗಿನ ಸೆಕೆ ಎಂಜಿನ್ನಿಗೆ ಅಷ್ಟಾಗಿ ತಟ್ಟೋದಿಲ್ಲ. ಜನರೇಟರಿಗೂ ಸ್ನೋಬ್ಲೋವರಿಗೂ ಗಾಳಿಯೇ ಗತಿ. ಹೊರಗೆ 40 ಡಿಗ್ರಿ ಇದ್ದರೆ ಆ ಬಿಸಿಗಾಳಿಯಿಂದಲೇ ತಣ್ಣಗಾಗಬೇಕು! ಹಾಗಾಗಿ ಇಲ್ಲಿ ಊರಿನ ಹವೆಯನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯವರು ಕೊಡುವ ಪಟ್ಟಿ ನೋಡಿ: ಎಸ್‌ಎಇ 30 ಎಣ್ಣೆ ಸೆಕೆಗೆ ಸರಿ, ಆದರೆ 4 ಡಿಗ್ರಿಗಿಂತ ಕೆಳಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. 10ಡಬ್ಲ್ಯೂ-30 ಆದರೆ 27 ಡಿಗ್ರಿ ದಾಟಿದ ಮೇಲೆ ಎಣ್ಣೆ ಬೇಗ ಖರ್ಚಾಗಬಹುದು. ಮಾಮೂಲಿ 5ಡಬ್ಲ್ಯೂ-30 ಚಳಿಗೆ ಮಾತ್ರ. ಸಿಂಥೆಟಿಕ್ 5ಡಬ್ಲ್ಯೂ-30 ಎರಡಕ್ಕೂ ಸೈ.

ನಮ್ಮ ಮರಳುಗಾಡೋ, ಅಕ್ಟೋಬರ್ ಮಧ್ಯಾಹ್ನ ಕಾದ ಕಾವಲಿ, ಜನವರಿ ಬೆಳಗಿನ ಜಾವ ಹಲ್ಲು ಕಟಕಟ. ನಮ್ಮ ಕೈಪಿಡಿಯಲ್ಲೂ ಸಿಂಥೆಟಿಕ್‌ಗೆ ಒಪ್ಪಿಗೆ ಇತ್ತು, ಅದನ್ನೇ ತಂದ್ವಿ. ಗೆಳೆಯನ ನಂಬರೇ ಗೆದ್ದಿತು, ಆದರೆ ಕಾರಣ ಬೇರೆ.

ಇನ್ನೊಂದು ಮಾತು. ಇಂಥ ಎಂಜಿನ್‌ಗಳಲ್ಲಿ ಬಹಳಷ್ಟಕ್ಕೆ ಎಣ್ಣೆಯ ಫಿಲ್ಟರ್ರೇ ಇರೋದಿಲ್ಲ. ಹೊಸದರಲ್ಲಿ ಸವೆದ ಲೋಹದ ಪುಡಿಯೆಲ್ಲ ಎಣ್ಣೆಯಲ್ಲೇ ಸುತ್ತುತ್ತಿರುತ್ತದೆ. ಅದಕ್ಕೇ ಹೋಂಡಾದ ಜಿಎಕ್ಸ್ ಎಂಜಿನ್‌ಗಳ ಕೈಪಿಡಿ, ಮೊದಲ ತಿಂಗಳು ಅಥವಾ 20 ಗಂಟೆ ಮುಗಿದೊಡನೆ ಎಣ್ಣೆ ಬದಲಿಸಿ ಅನ್ನುತ್ತದೆ. ದುಬಾರಿ ಎಣ್ಣೆ ಚೆಲ್ಲೋಕೆ ಹೊಟ್ಟೆ ಉರಿಯುತ್ತೆ ನಿಜ, ಆದರೆ ಹೊಸ ಎಂಜಿನ್ ಅದಕ್ಕಿಂತ ದುಬಾರಿ ಅಲ್ವಾ?